ಹೊಲದ ಯೂರಿಯಾ ಕಾರಿಗೆ ಹಾಕಿ ಕೆಟ್ಟೆವು

ದೇವದುರ್ಗಕ್ಕೆ ಮದುವೆಗೆ ಹೋದಾಗ ನಮ್ಮ ಡೀಸೆಲ್ ಕಾರಿನ ಮೀಟರ್‌ನಲ್ಲಿ ಡಿಇಎಫ್ ದೀಪ ಹತ್ತಿತು. ಇನ್ನಿಷ್ಟು ಕಿ.ಮೀ. ಆದಮೇಲೆ ಸ್ಟಾರ್ಟ್ ಆಗಲ್ಲ ಅನ್ನೋ ಎಚ್ಚರಿಕೆ ಬೇರೆ. ಅಲ್ಲಿನ ಮೆಕ್ಯಾನಿಕ್ ಒಬ್ಬ, "ಆ ಸಿಸ್ಟಮ್ಮೇ ಕಿತ್ತು ಒಗೀತೀನ್ರಿ, ಕಂಪ್ಯೂಟರ್‌ಗೆ ಗೊತ್ತಾಗದಂಗ ಮಾಡ್ತೀನಿ" ಅಂದ. ಒಪ್ಪಲಿಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ ಗಾಡಿಯನ್ನು ಹಾಗೆಲ್ಲ ಬದಲಾಯಿಸುವಂತಿಲ್ಲ. ಹೊಗೆ ನಿಯಮ ಮೀರಿದರೆ ₹10,000 ವರೆಗೂ ದಂಡ. ಮಾನ್ವಿಗೆ ಹೋಗದೆ ಸೀದಾ ರಾಯಚೂರಿನ ಗ್ಯಾರೇಜಿಗೆ ಹೊಡೆದೆ.

ಡಿಇಎಫ್ ಅಂದ್ರೆ ಶೇ 32.5 ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ಏಪ್ರಿಲ್ 2020ರಿಂದ ಬಿಎಸ್6 ಬಂದಮೇಲೆ ಬಹಳಷ್ಟು ಡೀಸೆಲ್ ಗಾಡಿಗಳಲ್ಲಿ ಇದಕ್ಕೊಂದು ಬೇರೆ ಟ್ಯಾಂಕ್ ಇದೆ. ಸೈಲೆನ್ಸರ್ ಪೈಪಿಗೆ ಕೂಡಿಸಿದ ಇಂಜೆಕ್ಟರ್ ಇದನ್ನು ಬಿಸಿ ಹೊಗೆಗೆ ಸಿಂಪಡಿಸುತ್ತದೆ. ನಮ್ಮ ಔಷಧಿ ಪಂಪಿನ ನಾಝಲ್ ಇದ್ದಂಗೆ.

ಬಿಚ್ಚೋದು ದೊಡ್ಡ ಕೆಲಸವಲ್ಲ, ಆದರೆ ಅವಸರ ನಡೆಯಲ್ಲ. ಕೀ ಆಫ್ ಮಾಡಿದ ಮೇಲೂ ಬಹಳಷ್ಟು ಗಾಡಿಗಳಲ್ಲಿ ಪಂಪು ಪೈಪಿನೊಳಗಿನ ದ್ರಾವಣವನ್ನು ಟ್ಯಾಂಕಿಗೆ ಎಳೆದುಕೊಳ್ಳುತ್ತೆ. ಅದು ಮುಗಿದ ಮೇಲೇ ಬ್ಯಾಟರಿಯ ಮೈನಸ್ ತೆಗೆಯಬೇಕು. ಪೈಪ್ ಪೂರ್ತಿ ತಣ್ಣಗಾಗಲಿ, ಇಲ್ಲಾಂದ್ರೆ ಕೈ ಸುಡುತ್ತೆ. ಆಮೇಲೆ ವೈರ್ ಸಾಕೆಟ್, ದ್ರಾವಣದ ಪೈಪು, ಕೊನೆಗೆ ಬೋಲ್ಟು. ಹಳೇ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ.

ತೆಗೆದು ನೋಡಿದರೆ ತುದಿಗೆ ಬಿಳಿ ಉಪ್ಪು ಕಟ್ಟಿತ್ತು. ಸಾಮಾನ್ಯವಾಗಿ ಇದು ಬೆಚ್ಚಗಿನ ಶುದ್ಧ ನೀರಿನಲ್ಲಿ ನೆನೆಸಿಟ್ಟರೆ ಕರಗುತ್ತೆ. ತಂತಿ ಹಾಕಿ ಚುಚ್ಚಿದರೆ ತೂತೇ ಹಾಳು. ನಮ್ಮದರಲ್ಲಿ ಮಾತ್ರ ಜಿಡ್ಡೂ ಇತ್ತು.

"ಇದರಾಗ ಏನ್ ಹಾಕೀರ್ರಿ?" ಅಂದ ಮೆಕ್ಯಾನಿಕ್.

ಫೋನ್ ಮಾಡಿದೆ. ತಮ್ಮ ಮೊದಲು ಸುಮ್ಮನಿದ್ದ. ಆಮೇಲೆ, "ಅಣ್ಣಾ, ಯೂರಿಯಾ ಯೂರಿಯಾನೇ ಅಲ್ಲೇನು?" ಅಂದ. ಭತ್ತಕ್ಕೆ ತಂದ ಚೀಲದ್ದನ್ನೇ ಬೋರ್ ನೀರಿಗೆ ಕಲಸಿ ಸುರಿದಿದ್ದ!

ಅಲ್ಲ ಗೆಳೆಯರೇ. ಹೊಲದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪನ ಇದೆ, ಬೋರ್ ನೀರಿನಲ್ಲಿ ಸುಣ್ಣದಂಶ. ಸಬ್ಸಿಡಿ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸೋದು ಕಾನೂನಿಗೂ ವಿರುದ್ಧ. ಹತ್ತು ಲೀಟರ್‌ಗೆ ಬೇಕಾದ್ದು ಮೂರೂವರೆ ಕೆಜಿ ಯೂರಿಯಾ; 45 ಕೆಜಿ ಚೀಲದ ₹266.50 ದರದಲ್ಲಿ ಇಪ್ಪತ್ತು ರೂಪಾಯಿ ಚಿಲ್ಲರೆ. ಅದಕ್ಕಾಗಿ ಟ್ಯಾಂಕ್ ಇಳಿಸಿ ತೊಳೆಸಿದೆವು, ಇಂಜೆಕ್ಟರ್ ಹೊಸದೇ ಹಾಕಿಸಿದೆವು.

ಡಿಇಎಫ್ ಕೊಳ್ಳುವಾಗ ಐಎಸ್ಒ 22241 ಗುರುತು, ಸೀಲು, ತಯಾರಾದ ದಿನಾಂಕ ನೋಡಿ. ನಮ್ಮ ರಾಯಚೂರು ಬಿಸಿಲಿನಲ್ಲಿ ಕ್ಯಾನ್ ಹೊರಗಿಟ್ಟರೆ ಬೇಗ ಕೆಡುತ್ತೆ.

ತಮ್ಮ ಕಲಸಿಟ್ಟಿದ್ದ ಇನ್ನೊಂದು ಕ್ಯಾನಿಗೆ ಸಾಕಷ್ಟು ನೀರು ಬೆರೆಸಿ ಹತ್ತಿ ಬುಡಕ್ಕೆ ಹಾಕಿದೆವು.