ಎಲ್ಲಾ ಲೈಟು ಹಸಿರು, ಆದರೂ ನೆಟ್ ಇಲ್ಲ

ಸಂಜೆ ಏಳರ ಮೇಲೆ ಸಿಂಧನೂರಿನಲ್ಲಿ ಕೇಬಲ್ ಆಫೀಸಿಗೆ ಫೋನ್ ಮಾಡಿದರೆ ಎಂಗೇಜ್ ಬರುವುದೇ ಹೆಚ್ಚು. ಸಿಕ್ಕರೂ ಮಾತುಕತೆ ಎರಡೇ ಸಾಲಿನದು. "ನೆಟ್ ಹೋಗೈತ್ರಿ." "ಬಾಕ್ಸ್ ಬಂದ್ ಮಾಡಿ, ಐದ್ ನಿಮಿಷ ಬಿಟ್ಟು ಚಾಲೂ ಮಾಡ್ರಿ." ಬಹಳಷ್ಟು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಯಾಕೆ ಹೋಗಿತ್ತು, ಯಾಕೆ ಬಂತು ಎಂಬುದು ಹೇಳಿದವನಿಗೂ ಗೊತ್ತಿಲ್ಲ, ಮಾಡಿದವನಿಗೂ ಗೊತ್ತಿಲ್ಲ.

ತಂತಿ ಕಡಿದರೆ ಮಾತು ಬೇರೆ. ನಮ್ಮ ಕಡೆ ಟಿವಿ ಕೇಬಲ್ ಎಳೆದವರೇ ಎಷ್ಟೋ ಮನೆಗಳಿಗೆ ಇಂಟರ್‌ನೆಟ್ಟನ್ನೂ ತಂದವರು. ಕರೆಂಟ್ ಕಂಬದಿಂದ ಕಂಬಕ್ಕೆ ಜೋತುಬಿದ್ದ ಕಪ್ಪು ಫೈಬರ್ ಮೇಲೆ ಅವರ ದಂಧೆ ನಿಂತಿದೆ. ಲಿಂಗಸುಗೂರಿನಲ್ಲಿ ರಸ್ತೆ ಅಗೆಯುವ ಜೆಸಿಬಿಯ ತೋಳು ತಾಗಿದರೆ, ಮಸ್ಕಿಯಲ್ಲಿ ಗಾಳಿಗೆ ಗಿಡದ ಟೊಂಗೆ ಬಿದ್ದರೆ, ಸಿಂಧನೂರಿನಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರ್ ಓಣಿಯಲ್ಲಿ ಹಾದುಹೋದರೆ ಅದು ಕಿತ್ತುಬರುತ್ತದೆ. ಮನೆಯ ಬಾಕ್ಸಿನಲ್ಲಿ ಎಲ್‌ಓಎಸ್ ಎಂದು ಬರೆದ ದೀಪ ಕೆಂಪಗೆ ಮಿಣುಕತೊಡಗುತ್ತದೆ. ಕೇಬಲ್ ಆಫೀಸಿನ ಹುಡುಗ ಬೈಕಿನಲ್ಲಿ ಬಂದು, ಕೂದಲೆಳೆಯಂಥ ಗಾಜನ್ನು ಬೆಸೆದು, ಪವರ್ ಮೀಟರ್ ಹಚ್ಚಿ ನೋಡುತ್ತಾನೆ. ಬೆಳಕಿನ ಅಳತೆ ಮೈನಸ್ 20ರ ಆಸುಪಾಸು ತೋರಿಸಿದರೆ ಗಾಡಿ ಹತ್ತುತ್ತಾನೆ, ಮೈನಸ್ 27ಕ್ಕಿಂತ ಕೆಳಗಿಳಿದರೆ ಮತ್ತೆ ಬಿಚ್ಚುತ್ತಾನೆ. ಈ ಕಾಯಿಲೆ ಕಣ್ಣಿಗೆ ಕಾಣುತ್ತದೆ, ಮದ್ದೂ ಗೊತ್ತಿದೆ.

ತಲೆ ಕೆಡಿಸುವುದು ಇನ್ನೊಂದು. ದೀಪಗಳೆಲ್ಲ ಹಸಿರು. ಸ್ಪೀಡ್ ಟೆಸ್ಟ್ ಮಾಡಿದರೆ ದುಡ್ಡು ಕೊಟ್ಟಷ್ಟು ವೇಗ ಬರುತ್ತದೆ. ಆದರೆ ಮನೆಯಲ್ಲಿ ಒಬ್ಬರು ಮದುವೆಯ ವಿಡಿಯೊ ಕಳಿಸಲು ಕೂತರೆ ಸಾಕು, ಇನ್ನೊಂದು ಕೋಣೆಯಲ್ಲಿ ಬೆಂಗಳೂರಿನ ಮಗನ ಮುಖ ಫೋನಿನಲ್ಲಿ ಬಾಯಿ ತೆರೆದಂತೆಯೇ ನಿಂತುಬಿಡುತ್ತದೆ. ಈ ಎರಡನೇ ಕಾಯಿಲೆಯ ಮೂಲ ಪತ್ತೆಯಾದದ್ದು 2010ರಲ್ಲಿ, ಅಮೆರಿಕದ ಒಂದು ಮನೆಯ ಕೇಬಲ್ ಮೋಡೆಮ್ಮಿನ ಮುಂದೆ.

ಆ ಮನೆಯ ಯಜಮಾನ ಜಿಮ್ ಗೆಟ್ಟಿಸ್ ಸಾಮಾನ್ಯ ಗಿರಾಕಿಯಲ್ಲ. 1984ರಲ್ಲಿ ಎಂಐಟಿ ವಿಶ್ವವಿದ್ಯಾಲಯದಲ್ಲಿ ಶುರುವಾದ, ಕಂಪ್ಯೂಟರ್ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್ ವಿಂಡೋ ವ್ಯವಸ್ಥೆಯನ್ನು ಕಟ್ಟಿದ ಮೊದಲಿಗರಲ್ಲಿ ಒಬ್ಬರು. ವೆಬ್ ನಡೆಯುವ ಎಚ್‌ಟಿಟಿಪಿ ನಿಯಮಗಳನ್ನು ಬರೆದವರಲ್ಲಿಯೂ ಅವರ ಹೆಸರಿದೆ. 2010ರ ಹೊತ್ತಿಗೆ ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆಯ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದರು. ಇಂಥವರ ಮನೆಯಲ್ಲೂ ನೆಟ್ ನಿಧಾನ ಎಂಬ ಮಕ್ಕಳ ದೂರು ತಪ್ಪಿರಲಿಲ್ಲ. ಏನಾಗಿದೆ ನೋಡೋಣ ಎಂದು ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಹುಡುಕಲು ಹೊರಟರೆ ತೊಂದರೆ ಮಾಯ! ಕೈಯಲ್ಲಿದ್ದ ಕೆಲಸವೇ ತೊಂದರೆಯ ಮೂಲವಾಗಿತ್ತು ಎಂಬುದು ವರ್ಷಗಟ್ಟಲೆ ಹೊಳೆಯಲಿಲ್ಲ.

ಹೊಳೆದದ್ದು ದೊಡ್ಡದೊಂದು ಮೂಟೆ ಸಾಗಿಸುವಾಗ. ಎಕ್ಸ್‌ನ ಹಳೆಯ ದಾಖಲೆಗಳನ್ನು ಮನೆಯಿಂದ ಎಂಐಟಿಯ ಕಂಪ್ಯೂಟರಿಗೆ ಕಳಿಸುತ್ತಿದ್ದರು. ಬೇಗ ಮುಗಿಯುವ ಕೆಲಸವಲ್ಲ. ಹಾಗಾಗಿ ಈ ಸಲ ಹುಡುಕಲು ಕೂತಾಗಲೂ ತೊಂದರೆ ಜಾಗ ಬಿಟ್ಟು ಕದಲಲಿಲ್ಲ. ಅವರು ಪಿಂಗ್ ಹಚ್ಚಿದರು. ಇದು 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿ ಮೈಕ್ ಮೂಸ್ ಎಂಬವರು ನೆಟ್‌ವರ್ಕಿನ ತರಲೆಯೊಂದನ್ನು ಪತ್ತೆಹಚ್ಚಲು ಬರೆದ ಪುಟ್ಟ ಪ್ರೋಗ್ರಾಮ್. ಒಂದು ಚಿಕ್ಕ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಕಳಿಸುತ್ತದೆ, ಅದು ತಿರುಗಿ ಬರಲು ಎಷ್ಟು ಹೊತ್ತಾಯಿತೆಂದು ಹೇಳುತ್ತದೆ, ಅಷ್ಟೇ. ಮಿಲಿಸೆಕೆಂಡುಗಳಲ್ಲಿ ಬರಬೇಕಾದ ಉತ್ತರಕ್ಕೆ ಗೆಟ್ಟಿಸ್ ಮನೆಯಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿತ್ತು. ಎಂಐಟಿ ಇದ್ದದ್ದು ಪಕ್ಕದಲ್ಲೇ ಎನ್ನಬಹುದಾದಷ್ಟು ಹತ್ತಿರ. ಅಷ್ಟು ಹೊತ್ತು ಆ ಪ್ಯಾಕೆಟ್ ಎಲ್ಲಿ ಕೂತಿತ್ತು?

ಕೇಬಲ್ ಕಂಪನಿ ಕಾಮ್‌ಕಾಸ್ಟ್‌ನ ಎಂಜಿನಿಯರುಗಳೊಂದಿಗೆ ಊಟಕ್ಕೆ ಕೂತಾಗ ಸುಳಿವು ಸಿಕ್ಕಿತು. ಮೋಡೆಮ್ಮಿನೊಳಗಿನ ಬಫರ್, ಅಂದರೆ ಪ್ಯಾಕೆಟ್‌ಗಳು ತಮ್ಮ ಪಾಳಿ ಕಾಯುವ ಮೆಮೊರಿ, ಅಗತ್ಯಕ್ಕಿಂತ ದೊಡ್ಡದಿರಬಹುದು ಎಂದು ಅವರೇ ಹೇಳಿದರು. ಗಿರಾಕಿಯ ಎದುರು ಕೂತು ತಮ್ಮ ಡಬ್ಬಿಯ ಮೇಲೇ ಅನುಮಾನಪಟ್ಟ ಕಂಪನಿಯವರು! ಇದನ್ನು ಓದಿದಾಗ ನನಗೆ ಹೊಟ್ಟೆಕಿಚ್ಚೇ ಆಯಿತು.

ದೊಡ್ಡ ಬಫರ್ ಇದ್ದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರು ಸುಗ್ಗಿಯಲ್ಲಿ ಸಿಂಧನೂರಿನ ರೈಸ್ ಮಿಲ್ಲಿನ ಗೇಟಿಗೆ ಹೋಗಬೇಕು. ಅಂಗಳ ಚಿಕ್ಕದಿದ್ದರೆ ಗೇಟಿನವನು "ಜಾಗ ಇಲ್ರಿ, ನಾಳೆ ಬರ್ರಿ" ಎಂದು ಲಾರಿಯನ್ನು ತಿರುಗಿಸುತ್ತಾನೆ. ಸುದ್ದಿ ಊರಿಗೆ ಮುಟ್ಟಿ ಅಲ್ಲಿ ಭತ್ತ ಹೇರುವುದು ನಿಲ್ಲುತ್ತದೆ. ಅಂಗಳ ಹತ್ತು ಎಕರೆ ಇದ್ದರೆ ಯಾರನ್ನೂ ತಿರುಗಿಸುವುದಿಲ್ಲ, ಊರಿನವರು ಹೇರುತ್ತಲೇ ಇರುತ್ತಾರೆ. ಮಿಲ್ಲು ಮಾತ್ರ ಮೊದಲಿನಷ್ಟೇ ಭತ್ತ ಅರೆಯುತ್ತದೆ. ಕೊನೆಗೆ ಒಂದೇ ಚೀಲ ಹಿಡಿದು ಬಂದವನು ಅಷ್ಟೂ ಲಾರಿಗಳ ಹಿಂದೆ ನಿಲ್ಲಬೇಕು. ಮದುವೆಯ ವಿಡಿಯೊ ಆ ಲಾರಿಗಳ ಸಾಲು, ಮಗನ ದನಿ ಆ ಒಂದು ಚೀಲ.

ಇಂಟರ್‌ನೆಟ್ಟಿನಲ್ಲಿ ಲಾರಿ ತಿರುಗಿಸುವ ಕೆಲಸಕ್ಕೆ ಒಂದು ಇತಿಹಾಸವೇ ಇದೆ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅಲ್ಲಿಂದ 400 ಗಜ ದೂರದ ವಿಶ್ವವಿದ್ಯಾಲಯಕ್ಕೂ ನಡುವಿನ ದಾರಿ ಕಟ್ಟಿಕೊಂಡು, ಸೆಕೆಂಡಿಗೆ 32 ಸಾವಿರ ಬಿಟ್ ಸಾಗಬೇಕಾದಲ್ಲಿ ಬರೀ 40 ಬಿಟ್ ಸಾಗತೊಡಗಿದವು. ಆ ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್ ಹುಡುಕಿದ ಪರಿಹಾರ ಇಂದಿಗೂ ನಮ್ಮ ಪ್ರತಿ ಫೋನಿನಲ್ಲಿದೆ. ಪ್ಯಾಕೆಟ್‌ಗಳನ್ನು ಕಳಿಸುವ ಕ್ರಮವಾದ ಟಿಸಿಪಿ ನಿಧಾನಕ್ಕೆ ಶುರುಮಾಡಿ ವೇಗ ಏರಿಸುತ್ತದೆ, ಪ್ಯಾಕೆಟ್ ಕಳೆದುಹೋದರೆ ದಾರಿ ತುಂಬಿತೆಂದು ತಿಳಿದು ತಗ್ಗಿಸುತ್ತದೆ. ದಾರಿ ಎಷ್ಟು ಅಗಲ ಎಂದು ಅದಕ್ಕೆ ಹೇಳುವವರು ಬೇರೆ ಯಾರೂ ಇಲ್ಲ. ಕಳೆದುಹೋದ ಪ್ಯಾಕೆಟ್ಟೇ ಸುದ್ದಿ.

ಮುಂದೆ ಮೆಮೊರಿ ಅಗ್ಗವಾಯಿತು. ಪ್ಯಾಕೆಟ್ ಕಳೆಯುವುದು ಕೆಟ್ಟದ್ದು ಎಂದುಕೊಂಡ ಡಬ್ಬಿ ತಯಾರಕರು ಅಂಗಳ ದೊಡ್ಡದು ಮಾಡುತ್ತಲೇ ಹೋದರು. ಲೆಕ್ಕ ಸರಳ. ಅಪ್‌ಲೋಡಿನ ದಾರಿ 1 ಎಂಬಿಪಿಎಸ್, ಬಫರ್ 256 ಕೆಬಿ ಎಂದಿಟ್ಟುಕೊಳ್ಳಿ. ಅದು ತುಂಬಿದ ಮೇಲೆ ಬಂದ ಪ್ರತಿ ಪ್ಯಾಕೆಟ್ ಹೊರಬೀಳಲು ಎರಡು ಸೆಕೆಂಡು ಬೇಕು. ಸುದ್ದಿ ಮುಟ್ಟುವುದೇ ತಡ, ಆದ್ದರಿಂದ ಟಿಸಿಪಿ ತಗ್ಗುವುದೂ ತಡ. ಕೊನೆಯಿಲ್ಲದ ಮೆಮೊರಿ ಕೊಟ್ಟರೂ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ ಎಂದು ಜಾನ್ ನೇಗಲ್ ಎಂಬವರು 1985ರಲ್ಲೇ ಬರೆದಿದ್ದರು. ಸಾಲು ಉದ್ದವಾಗುವ ಮುಂಚೆಯೇ ಒಂದೊಂದು ಪ್ಯಾಕೆಟ್ಟನ್ನು ಬೇಕೆಂದೇ ಎಸೆಯುವ ಉಪಾಯವನ್ನು ಸ್ಯಾಲಿ ಫ್ಲಾಯ್ಡ್ ಮತ್ತು ಜೇಕಬ್‌ಸನ್ 1993ರಲ್ಲಿ ಕೊಟ್ಟಿದ್ದರು. ಆದರೆ ಅದಕ್ಕೆ ಜಾಗಕ್ಕೆ ತಕ್ಕಂತೆ ತಿರುಪು ತಿರುಗಿಸಬೇಕಿತ್ತು. ಎಷ್ಟೋ ಕಡೆ ಅದನ್ನು ಚಾಲೂ ಮಾಡುವ ಗೋಜಿಗೇ ಹೋಗಲಿಲ್ಲ.

  

ಇತ್ತ ಗೆಟ್ಟಿಸ್ ತಮ್ಮ ಮನೆಯ ಪ್ಯಾಕೆಟ್‌ಗಳ ದಾಖಲೆ ಹಿಡಿದು ಜೇಕಬ್‌ಸನ್ ಮೊದಲಾದ ಹಿರಿಯರಿಗೆ ಕಳಿಸಿದರು. ಅನುಮಾನ ಖಾತ್ರಿಯಾಯಿತು. ನನಗೆ ಈ ಕತೆಯಲ್ಲಿ ಹಿಡಿಸುವುದು ಆಮೇಲಿನ ಭಾಗ. ತಪ್ಪು ಮೋಡೆಮ್ಮಿನದು ಎಂದು ಅವರು ಅಲ್ಲಿಗೇ ಕೈತೊಳೆದುಕೊಳ್ಳಲಿಲ್ಲ. ಅತ್ತೆ ಮನೆಗೆ ಹೋದಾಗ ಅಲ್ಲಿನ ಫೈಬರ್ ಮೇಲೂ ಪಿಂಗ್ ಹಚ್ಚಿದರು, ಅಲ್ಲೂ ಅದೇ ರೋಗ. ವೈಫೈ ರೂಟರ್ ನೋಡಿದರು, ಅದರಲ್ಲೂ ಇತ್ತು. ಕೊನೆಗೆ ತಮ್ಮದೇ ಲ್ಯಾಪ್‌ಟಾಪಿನ ಲಿನಕ್ಸ್ ನೋಡಿದರೆ ಅಲ್ಲಿ ಸಾವಿರ ಪ್ಯಾಕೆಟ್‌ಗೆ ಅಂಗಳ ಹಾಸಿ ಕೊಟ್ಟಿತ್ತು. ಬರ್ಕ್ಲಿಯ ಸಂಶೋಧಕರು ನೆಟಲೈಜರ್ ಎಂಬ ಪರೀಕ್ಷೆಯಿಂದ ಕಲೆಹಾಕಿದ ಅಂಕಿಗಳೂ ಇದು ಒಂದು ಮನೆಯ, ಒಂದು ಕಂಪನಿಯ ಮಾತಲ್ಲ ಎಂದು ತೋರಿಸಿದವು. 2010ರ ಕೊನೆಗೆ ಗೆಟ್ಟಿಸ್ ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟು ಊರಿಗೆಲ್ಲ ಸಾರಿದರು.

ಮದ್ದು ಬಂದದ್ದು 2012ರ ಮೇ ತಿಂಗಳಲ್ಲಿ, ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್‌ಸನ್ ಅವರಿಂದ. ಹೆಸರು ಕೋಡೆಲ್. ಅದು ಸಾಲಿನ ಉದ್ದ ಅಳೆಯುವುದಿಲ್ಲ, ಪ್ಯಾಕೆಟ್ ಒಳಗೆ ಎಷ್ಟು ಹೊತ್ತು ಕೂತಿತ್ತು ಎಂದು ನೋಡುತ್ತದೆ. 100 ಮಿಲಿಸೆಕೆಂಡು ಕಳೆದರೂ ಕಾಯುವ ಹೊತ್ತು ಒಮ್ಮೆಯೂ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಒಂದು ಪ್ಯಾಕೆಟ್ಟನ್ನು ಎಸೆದುಬಿಡುತ್ತದೆ. ತಿರುಪು ತಿರುಗಿಸುವ ಕೆಲಸವಿಲ್ಲ. ಇದಕ್ಕೆ ಲಾರಿಗೂ ಚೀಲಕ್ಕೂ ಬೇರೆ ಬೇರೆ ಸಾಲು ಮಾಡುವ ಉಪಾಯ ಸೇರಿಸಿ, ಎರಿಕ್ ಡುಮಾಜೆ ಬರೆದ ಎಫ್‌ಕ್ಯು-ಕೋಡೆಲ್ ಅದೇ ವರ್ಷ ಲಿನಕ್ಸ್‌ನೊಳಗೆ ಹೋಯಿತು. ಡೇವ್ ಟಾಟ್ ಎಂಬವರು ಸ್ವಯಂಸೇವಕರನ್ನು ಕಟ್ಟಿಕೊಂಡು ಅದನ್ನು ಮನೆಯ ರೂಟರುಗಳಿಗೆ ತರಲು ವರ್ಷಗಟ್ಟಲೆ ಹೆಣಗಿದರು. 2025ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಇದೇ ಧ್ಯಾನ. ಕೇಬಲ್ ಮೋಡೆಮ್‌ಗಳ ಡಾಕ್ಸಿಸ್ 3.1 ಮಾನದಂಡದಲ್ಲೂ ಇಂಥದ್ದೇ ಒಂದು ಕ್ರಮ ಕಡ್ಡಾಯವಾಯಿತು.

ಬಂದ್ ಮಾಡಿ ಚಾಲೂ ಮಾಡಿದರೆ ಯಾಕೆ ಸರಿಹೋಗುತ್ತದೆ ಎಂಬುದಕ್ಕೆ ಇರುವ ಹಲವು ಉತ್ತರಗಳಲ್ಲಿ ಒಂದು ಇಲ್ಲೇ ಇದೆ. ಬಾಕ್ಸ್ ಆರಿದಾಗ ಅಂಗಳ ಖಾಲಿಯಾಗುತ್ತದೆ, ನಡೆಯುತ್ತಿದ್ದ ಅಪ್‌ಲೋಡೂ ಕಡಿಯುತ್ತದೆ. ಫೋನು ಮತ್ತೆ ಫೋಟೊ ಕಳಿಸತೊಡಗುವವರೆಗೆ ಆರಾಮ.

ನಿಮ್ಮ ಮನೆಯಲ್ಲೂ ನೋಡಬಹುದು. ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಬರೆಯುವ ಕಪ್ಪು ಕಿಟಕಿ ತೆರೆದು ಮೊದಲು ರೂಟರಿಗೇ ಪಿಂಗ್ ಮಾಡಿ. ವಿಳಾಸ ಎಷ್ಟೋ ಕಡೆ 192.168.1.1 ಇರುತ್ತದೆ. ಇಲ್ಲೇ ಅಂಕಿ ಕುಣಿದಾಡಿದರೆ ತೊಂದರೆ ವೈಫೈನದು. ದಪ್ಪ ಗೋಡೆ ಅಡ್ಡ ಬಂದಿರಬಹುದು, ಇಲ್ಲವೇ ಪಕ್ಕದ ಮನೆಯ ರೂಟರ್ ಅದೇ ಚಾನೆಲ್ ಹಿಡಿದಿರಬಹುದು. ತಂತಿ ಹಚ್ಚಿ ನೋಡಿದರೆ ತಿಳಿಯುತ್ತದೆ. ಅಲ್ಲಿ ಸರಿಯಿದ್ದರೆ ಹೊರಗಿನ ವಿಳಾಸವಾದ 8.8.8.8ಕ್ಕೆ ಪಿಂಗ್ ಹಚ್ಚಿಟ್ಟು, ಫೋನಿನಿಂದ ದೊಡ್ಡ ವಿಡಿಯೊ ಕಳಿಸಿ. 30, 32, 29 ಎಂದು ಇಳಿದುಬರುತ್ತಿದ್ದ ಸಾಲುಗಳು 90, 240, 600 ಎಂದು ಏರತೊಡಗಿ, ವಿಡಿಯೊ ಹೋದ ಮೇಲೆ ತಟ್ಟನೆ 30ಕ್ಕೆ ಮರಳಿದರೆ ಗೆಟ್ಟಿಸ್ ಮನೆಯ ಕಾಯಿಲೆ ನಿಮ್ಮಲ್ಲೂ ಇದೆ. ಹುಡುಗನ ಪವರ್ ಮೀಟರಿಗೆ ಇದು ಸಿಗುವುದಿಲ್ಲ, ಅದು ಬೆಳಕನ್ನಷ್ಟೇ ಅಳೆಯುತ್ತದೆ.

ರೂಟರಿನಲ್ಲಿ ಕೋಡೆಲ್‌ನಂಥ ಮದ್ದನ್ನು ಹಚ್ಚುವ ಎಸ್‌ಕ್ಯುಎಂ ಎಂಬ ಆಯ್ಕೆ ಇದ್ದರೆ ಚಾಲೂ ಮಾಡಿ, ವೇಗದ ಮಿತಿಯನ್ನು ಪ್ಲಾನಿಗಿಂತ ಹತ್ತು ಹದಿನೈದು ಶೇಕಡಾ ಕಡಿಮೆ ಇಡಿ. ಆಗ ಸಾಲು ಕಂಪನಿಯ ಡಬ್ಬಿಯಲ್ಲಿ ನಿಲ್ಲದೆ, ಅದನ್ನು ಸಂಭಾಳಿಸಬಲ್ಲ ನಿಮ್ಮ ರೂಟರಿನಲ್ಲಿ ನಿಲ್ಲುತ್ತದೆ. ಪುಕ್ಕಟೆ ಕೊಟ್ಟ ಬಾಕ್ಸುಗಳಲ್ಲಿ ಈ ಆಯ್ಕೆ ಕಾಣುವುದು ಅಪರೂಪ. ಹಾಗಿದ್ದರೆ ಫೋಟೊ ಬ್ಯಾಕಪ್ ರಾತ್ರಿಗೆ ಹಾಕಿ, ಅಂಗಡಿಯ ಸಿಸಿ ಕ್ಯಾಮೆರಾ ಆನ್‌ಲೈನಿಗೆ ಕಳಿಸುವ ಚಿತ್ರದ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ. ಮೂಲೆಗೆ ಬಿದ್ದ ಹಳೆಯ ರೂಟರಿದ್ದರೆ ಅದಕ್ಕೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಸಾಫ್ಟ್‌ವೇರ್ ಹಾಕಿ ಎಸ್‌ಕ್ಯುಎಂ ಪಡೆಯಬಹುದು, ದುಡ್ಡು ಬೇಡ. ಆದರೆ ನಿಮ್ಮ ಮಾದರಿ ಅದರ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಇದ್ದ ರೂಟರೂ ಕೆಟ್ಟು ಕೂರುತ್ತದೆ.