ಗೋಡೆಯಾಚೆಯ ಸದ್ದು: ‘ಮನೆ’ ಚಲನಚಿತ್ರ ಮತ್ತು ಆತ್ಮವಿವೇಚನೆ

ಕಲಾತ್ಮಕ ಚಲನಚಿತ್ರವೊಂದು ಮನಸ್ಸನ್ನು ಕಂಗೆಡಿಸಿದಾಗ ‘ಇದರ ಅರ್ಥವೇನು?’ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಕೆಲವರು ನಿರ್ದೇಶಕರ ಉದ್ದೇಶವನ್ನು ಹುಡುಕುತ್ತಾರೆ. ಇನ್ನು ಕೆಲವರು ಯಾರಿಗೆ ಹೇಗೆ ತೋರಿತೋ ಅದೇ ಅರ್ಥವೆಂದು ಮಾತು ಮುಗಿಸುತ್ತಾರೆ. ಧರ್ಮಸಭೆಯ ಆಧ್ಯಾತ್ಮಿಕ ಪರಂಪರೆ ಮೂರನೆಯ ದಾರಿಯೊಂದನ್ನು ತೋರುತ್ತದೆ. ಗಿರೀಶ ಕಾಸರವಳ್ಳಿಯವರ ‘ಮನೆ’ ಚಿತ್ರದ ಮೂಲಕ ಅದನ್ನು ವಿವರಿಸಲು ಯತ್ನಿಸುತ್ತೇವೆ.

1977ರಲ್ಲಿ ‘ಘಟಶ್ರಾದ್ಧ’ವನ್ನು ನಿರ್ದೇಶಿಸಿದ ಕಾಸರವಳ್ಳಿಯವರ ಈ ಚಿತ್ರ 1990ರ ದಶಕದ ಆರಂಭದಲ್ಲಿ ತೆರೆಕಂಡಿತು. ಟಿ. ಜಿ. ರಾಘವ ಅವರ ಕಥೆಯನ್ನು ಆಧರಿಸಿದ ಇದರಲ್ಲಿ ನಾಸಿರುದ್ದೀನ್ ಷಾ ಮತ್ತು ದೀಪ್ತಿ ನವಲ್ ನಟಿಸಿದ್ದಾರೆ. ಊರಿನ ಕೂಡುಕುಟುಂಬವನ್ನು ಬಿಟ್ಟ ಯುವ ದಂಪತಿ ತಮ್ಮದೇ ಏಕಾಂತವನ್ನು ಬಯಸಿ ನಗರದಲ್ಲಿ ಬಾಡಿಗೆಗೆ ನೆಲೆಸುತ್ತಾರೆ. ರಾತ್ರಿಯಾದರೆ ಪಕ್ಕದ ಶೆಡ್ಡಿನ ಸದ್ದು ಅವರ ನಿದ್ರೆಯನ್ನು ಕದಡುತ್ತದೆ. ಪೊಲೀಸ್ ಅಧಿಕಾರಿಯ ಪ್ರಭಾವದಿಂದ ಅದನ್ನು ನಿವಾರಿಸಿಕೊಳ್ಳಲು ಹೊರಟರೂ ಬಯಸಿದ ನೆಮ್ಮದಿ ದೊರೆಯುವುದಿಲ್ಲ. ಅವರಿಬ್ಬರ ನಡುವಿನ ಬಿರುಕೇ ಹಿರಿದಾಗುತ್ತದೆ. ದಿನನಿತ್ಯದ ಸಂಗತಿಗಳೇ ಮೆಲ್ಲಮೆಲ್ಲನೆ ದುಃಸ್ವಪ್ನದ ರೂಪ ತಾಳುತ್ತವೆ.

ಇಂಥ ಚಿತ್ರಗಳಿಗೆ ಗುರುಮಠದಲ್ಲಿ ಸ್ಥಾನವುಂಟೇ? ಚಲನಚಿತ್ರವೂ ಸೇರಿದಂತೆ ಸಂಪರ್ಕ ಮಾಧ್ಯಮಗಳ ಕುರಿತು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಆಜ್ಞಾಪತ್ರವೊಂದನ್ನು ಹೊರಡಿಸಿತು. ಸಿನಿಮಾದ ಶತಮಾನೋತ್ಸವದ ಸಂದರ್ಭದಲ್ಲಿ, 1995ರಲ್ಲಿ, ವ್ಯಾಟಿಕನ್ ಪ್ರಕಟಿಸಿದ 45 ಚಿತ್ರಗಳ ಪಟ್ಟಿಯಲ್ಲಿ ಬರ್ಗ್‌ಮನ್ನರ ‘ವೈಲ್ಡ್ ಸ್ಟ್ರಾಬೆರೀಸ್’ ಇದೆ. ಮುಳ್ಳುಗಳಿಲ್ಲದ ಗಡಿಯಾರ ಕಾಣುವ ಭಯಾನಕ ಕನಸು ಅದರ ಆರಂಭದಲ್ಲೇ ಬರುತ್ತದೆ. ಒಣಮೂಳೆಗಳ ಕಣಿವೆಯನ್ನು ಕಂಡ ಯೆಜೆಕಿಯೇಲನನ್ನೂ, ಸಮುದ್ರದಿಂದೇಳುವ ಮೃಗಗಳನ್ನು ಕಂಡ ದಾನಿಯೇಲನನ್ನೂ ಓದುವ ನಮಗೆ ಕಂಗೆಡಿಸುವ ದರ್ಶನ ಹೊಸದೇನಲ್ಲ.

ಸಂತ ಇಗ್ನಾಸಿಯವರು ‘ಆಧ್ಯಾತ್ಮಿಕ ಸಾಧನೆ’ಯಲ್ಲಿ ಪುನರಾವರ್ತನೆ ಎಂಬ ಪ್ರಾರ್ಥನಾ ಕ್ರಮವನ್ನು ಬೋಧಿಸಿದ್ದಾರೆ. ಧ್ಯಾನದ ವೇಳೆ ಹೆಚ್ಚು ಸಾಂತ್ವನ ಅಥವಾ ಹೆಚ್ಚು ನೀರಸತೆ ಉಂಟಾದ ಎಡೆಗೆ ಮರಳಿ ಹೋಗಿ ಅಲ್ಲಿ ತಂಗುವುದೇ ಆ ಕ್ರಮ. ಚಿತ್ರವೀಕ್ಷಣೆಗೂ ಇದನ್ನು ಅನ್ವಯಿಸಬಹುದು. ಇಡೀ ಚಿತ್ರಕ್ಕೆ ಅರ್ಥ ಕಟ್ಟುವ ಮೊದಲು, ಎಲ್ಲಿ ಮನಸ್ಸು ಕಲಕಿತು, ಎಲ್ಲಿ ನೋಡಲೊಲ್ಲದಾಯಿತು ಎಂದು ಗುರುತಿಸಿ, ಆ ಎಡೆಗೆ ದೇವರ ಸಮ್ಮುಖದಲ್ಲಿ ಮರಳಬೇಕು.

‘ಮನೆ’ಯಲ್ಲಿ ಅಂಥ ಎಡೆಯೊಂದಿದೆ. ದಂಪತಿ ಅಧಿಕಾರದ ಮೊರೆಹೋಗುವಾಗ ನಾವೂ ಅವರ ಪಕ್ಷ ವಹಿಸಿ, ಆ ಸದ್ದು ಒಮ್ಮೆ ಅಡಗಲಿ ಎಂದು ಹಾರೈಸುತ್ತೇವೆ. ಮರಳಿ ನೋಡಿದಾಗ ಆ ಹಾರೈಕೆಯೇ ಪ್ರಶ್ನೆಯಾಗುತ್ತದೆ. ಗೋಡೆಯಾಚೆ ಇದ್ದದ್ದು ಬರಿಯ ಸದ್ದೇ, ಅಥವಾ ದುಡಿದು ಬದುಕುವ ಮನುಷ್ಯರೇ? ನನ್ನ ನೆರೆಯವನು ಯಾರು ಎಂದು ಧರ್ಮಶಾಸ್ತ್ರಿ ಯೇಸುವನ್ನು ಕೇಳಿದ್ದು ಸಂತ ಲೂಕರ ಶುಭಸಂದೇಶದ 10ನೇ ಅಧ್ಯಾಯದಲ್ಲಿದೆ. ಇಲ್ಲಿ ನೆರೆಯವನು ಮುಖವಿಲ್ಲದ ಸದ್ದಾಗಿ ಬಂದಿದ್ದಾನೆ. ಆದ್ದರಿಂದಲೇ ಅವನನ್ನು ಹೊರದೂಡಲು ನಮಗೆ ಸಂಕೋಚವೆನಿಸಲಿಲ್ಲ.

ಈ ಅರ್ಥ ಪ್ರತಿಯೊಬ್ಬನಲ್ಲೂ ಒಂದೇ ಬಗೆಯಲ್ಲಿ ಮೂಡದು. ಕೋಲಾರದ ಕ್ಯಾಲನೂರಿನಂಥ ಊರಿನಿಂದ ಬೆಂಗಳೂರಿಗೆ ಬಾಡಿಗೆ ಕೋಣೆ ಅರಸಿ ಹೋದವರಿಗೆ ದಂಪತಿಯ ನಿದ್ರೆಗೇಡು ತಮ್ಮದೇ ಅನುಭವವೆನಿಸೀತು. ಅದೇ ಊರಿನಿಂದ ಹೋಗಿ ರಾತ್ರಿ ಪಾಳಿಯಲ್ಲಿ ಯಂತ್ರದ ಮುಂದೆ ನಿಲ್ಲುವವನು ಆ ಸದ್ದಿನಲ್ಲಿ ತನ್ನ ಅನ್ನವನ್ನು ಕೇಳಿಸಿಕೊಂಡಾನು. ಧರ್ಮಕೇಂದ್ರದ ಗುರುವಿಗೆ ತನ್ನ ಪ್ರಾರ್ಥನೆಯ ಮೌನವನ್ನು ಕದಡುವ ಬಾಗಿಲ ಕರೆಗಂಟೆ ನೆನಪಾದೀತು.

ವೈಯಕ್ತಿಕ ಅರ್ಥವು ಸ್ವೇಚ್ಛೆಯಾಗದಿರಲು ಮೂರು ಒರೆಗಲ್ಲುಗಳಿವೆ. ಅದು ಚಿತ್ರದಲ್ಲಿ ವಸ್ತುತಃ ಇರುವುದಕ್ಕೆ ನಿಷ್ಠವಾಗಿರಬೇಕು. ಜೊತೆಗೆ ನೋಡಿದವರ ಮುಂದೆ ಹೇಳಿ ಪರೀಕ್ಷಿಸಿಕೊಳ್ಳುವಂತಿರಬೇಕು. ಪರಪ್ರೀತಿಯ ಫಲವನ್ನು ಕೊಡಬೇಕು. ಗುರುಮಠದಲ್ಲಿ ಚಿತ್ರ ಪ್ರದರ್ಶಿಸುವವರು ಕೂಡಲೇ ಚರ್ಚೆಗಿಳಿಯದೆ ಕಾಲು ಗಂಟೆ ಮೌನವಿರಿಸಲಿ. ಬಳಿಕ ಪ್ರತಿಯೊಬ್ಬನೂ ತನ್ನನ್ನು ಕಲಕಿದ ಒಂದೇ ಒಂದು ದೃಶ್ಯವನ್ನು ಹೇಳಲಿ. ಅಷ್ಟು ತಾಳ್ಮೆಯಿಂದ ಚಿತ್ರವನ್ನು ನೋಡಬಲ್ಲವನು, ಒಗಟಿನಂಥ ನೋವನ್ನು ಹೊತ್ತು ಪಾಪನಿವೇದನೆಗೆ ಬರುವವರನ್ನೂ ಅವಸರವಿಲ್ಲದೆ ಆಲಿಸಬಲ್ಲ.