ಭಯವೇ ಬಂಡವಾಳ: ಅಕ್ಟೋಬರ್ ತಿಂಗಳ ಒಂದು ವ್ಯಾಪಾರ

ಪ್ರತಿಯೊಂದು ವ್ಯಾಪಾರಕ್ಕೂ ಅದರದೇ ಆದ ಋತುವಿದೆ. ಯುಗಾದಿಗೆ ಮುನ್ನ ಜವಳಿ ಅಂಗಡಿ, ಗಣೇಶ ಚತುರ್ಥಿಗೆ ಮುನ್ನ ಮೂರ್ತಿ ಮಾಡುವವರ ಮನೆಯಂಗಳ, ದೀಪಾವಳಿಗೆ ಮುನ್ನ ಪಟಾಕಿ ಮಳಿಗೆ ಹೇಗೆ ತುಂಬಿರುತ್ತವೆ ಎಂಬುದನ್ನು ನಮ್ಮ ಸದಸ್ಯ ಬಾಂಧವರಿಗೆ ಹೇಳಿಕೊಡಬೇಕಾಗಿಲ್ಲ. ವರ್ಷದ ಗಳಿಕೆಯ ದೊಡ್ಡ ಪಾಲು ಕೆಲವೇ ವಾರಗಳಲ್ಲಿ ಬರುವಂತಹ ವಹಿವಾಟಿನಲ್ಲಿ ತೊಡಗಿದವರನ್ನು ಎರಡು ಪ್ರಶ್ನೆಗಳು ಸದಾ ಕಾಡುತ್ತವೆ. ಎಷ್ಟು ಬಂಡವಾಳ ಹೂಡಬೇಕು? ಋತು ಕೈಕೊಟ್ಟರೆ ಗತಿಯೇನು? ಅಮೆರಿಕದ ಚಲನಚಿತ್ರೋದ್ಯಮದ ಒಂದು ವಿಭಾಗವು ಕಳೆದ ಐದಾರು ದಶಕಗಳಲ್ಲಿ ಈ ಪ್ರಶ್ನೆಗಳಿಗೆ ಕಂಡುಕೊಂಡಿರುವ ಉತ್ತರ ಗಮನಾರ್ಹವಾದುದು. ಅಕ್ಟೋಬರ್ ತಿಂಗಳಲ್ಲಿ ಜನರನ್ನು ಹೆದರಿಸಿ ಹಣ ಗಳಿಸುವ ಭಯಾನಕ ಚಿತ್ರಗಳ ವಿಭಾಗವೇ ಅದು.

ಒಂದು ರಾತ್ರಿಯ ಹಬ್ಬ, ಒಂದು ತಿಂಗಳ ಋತು

ಅಕ್ಟೋಬರ್ 31ರ ರಾತ್ರಿ ಆಚರಿಸಲಾಗುವ ಹ್ಯಾಲೋವೀನ್ ಹಬ್ಬದ ಬೇರುಗಳು ಐರ್ಲೆಂಡಿನ ಪ್ರಾಚೀನ ಸುಗ್ಗಿಯ ಕೊನೆಯ ಆಚರಣೆಯಲ್ಲಿವೆ. ನವೆಂಬರ್ 1ರ ಕ್ರೈಸ್ತ ಸಂತರ ದಿನದ ಹಿಂದಿನ ರಾತ್ರಿಯಾಗಿ ಅದು ಉಳಿದುಕೊಂಡಿತು. 19ನೆಯ ಶತಮಾನದಲ್ಲಿ ಐರ್ಲೆಂಡಿನ ವಲಸಿಗರೊಂದಿಗೆ ಅಮೆರಿಕಕ್ಕೆ ಬಂದು ನೆಲೆಯೂರಿತು. ಅಲ್ಲಿ ಅದಕ್ಕೆ ಸರ್ಕಾರಿ ರಜೆಯಿಲ್ಲ. ಆದರೂ ಸಿಹಿತಿಂಡಿ, ವೇಷಭೂಷಣ, ಮನೆಯ ಅಲಂಕಾರ ಇತ್ಯಾದಿಗಳಿಗಾಗಿ ಜನರು ಮಾಡುವ ವೆಚ್ಚವನ್ನು ಅಲ್ಲಿನ ರಾಷ್ಟ್ರೀಯ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟವು 2023ರಲ್ಲಿ 1,220 ಕೋಟಿ ಡಾಲರ್ ಎಂದು ಅಂದಾಜಿಸಿತ್ತು.

ಹಬ್ಬ ಒಂದೇ ರಾತ್ರಿಯದಾದರೂ ಋತುವು ತಿಂಗಳಿಡೀ ಹಬ್ಬಿಕೊಂಡಿರುವುದಕ್ಕೆ ಚಲನಚಿತ್ರ ವೀಕ್ಷಣೆಯ ಅಭ್ಯಾಸವೂ ಒಂದು ಕಾರಣ. ಅಕ್ಟೋಬರ್ 1ರಂದು ಆರಂಭಿಸಿ ದಿನಕ್ಕೊಂದರಂತೆ 31 ಭಯಾನಕ ಚಿತ್ರಗಳನ್ನು ನೋಡಿ ಮುಗಿಸುವುದು ಅಲ್ಲಿನ ಅಸಂಖ್ಯಾತ ಮನೆಗಳಲ್ಲಿ ಒಂದು ವ್ರತದಂತೆಯೇ ನಡೆಯುತ್ತದೆ. ಪಟ್ಟಿಯನ್ನು ಮೊದಲೇ ಸಿದ್ಧಪಡಿಸುತ್ತಾರೆ. 1931ರ 'ಡ್ರಾಕುಲಾ', 'ಫ್ರಾಂಕೆನ್‌ಸ್ಟೈನ್' ಮೊದಲಾದ ಕಪ್ಪು ಬಿಳುಪಿನ ಚಿತ್ರಗಳಿಂದ ತೊಡಗಿ, ಹೊಸತನ್ನೂ ಹಳೆಯದನ್ನೂ ಬೆರೆಸಿ, ಕೊನೆಯ ರಾತ್ರಿಗೆ 1978ರ 'ಹ್ಯಾಲೋವೀನ್' ಚಿತ್ರವನ್ನು ಕಾದಿರಿಸುವವರು ಬಹಳ. ಕಥೆ ಬಾಯಿಪಾಠವಾಗಿದ್ದರೂ ನೋಡುತ್ತಾರೆ. ಯಾವ ಬಾಗಿಲಿನ ಹಿಂದೆ ಯಾರು ನಿಂತಿದ್ದಾರೆಂದು ತಿಳಿದಿದ್ದರೂ ಜೊತೆಗೆ ಕುಳಿತು ಬೆಚ್ಚುವುದರಲ್ಲಿ ಒಂದು ಸುಖವಿದೆ. ವರ್ಷಕ್ಕೊಮ್ಮೆ ತಾನಾಗಿ ಮರಳಿ ಬರುವ ಇಂತಹ ಗ್ರಾಹಕನಿಗಿಂತ ದೊಡ್ಡ ಆಸ್ತಿ ವ್ಯಾಪಾರಿಗೆ ಮತ್ತೊಂದಿಲ್ಲ.

ಹಳೆಯ ಸರಕಿಗೆ ಹೊಸ ಬೆಲೆ

ಈ ಗ್ರಾಹಕನನ್ನು ರೂಪಿಸಿದ್ದರಲ್ಲಿ ಗೋದಾಮಿನಲ್ಲಿ ಬಿದ್ದಿದ್ದ ಹಳೆಯ ಸರಕಿನ ಪಾತ್ರ ಹಿರಿದು. ಯೂನಿವರ್ಸಲ್ ಸಂಸ್ಥೆಯು 1930 ಮತ್ತು 40ರ ದಶಕಗಳಲ್ಲಿ ತಯಾರಿಸಿದ್ದ ಚಿತ್ರಗಳು ಚಿತ್ರಮಂದಿರಗಳಲ್ಲಿ ತಮ್ಮ ಕಾಲ ಮುಗಿಸಿದ್ದವು. 1957ರ ಅಕ್ಟೋಬರ್‌ನಲ್ಲಿ ಸ್ಕ್ರೀನ್ ಜೆಮ್ಸ್ ಸಂಸ್ಥೆಯು ಅಂತಹ 52 ಚಿತ್ರಗಳನ್ನು ಒಂದೇ ಕಟ್ಟಾಗಿಸಿ, 'ಶಾಕ್' ಎಂದು ಹೆಸರಿಟ್ಟು, ದೂರದರ್ಶನ ಕೇಂದ್ರಗಳಿಗೆ ಪ್ರಸಾರದ ಹಕ್ಕನ್ನು ಮಾರಿತು. ಸ್ಥಳೀಯ ಕೇಂದ್ರಗಳು ತಡರಾತ್ರಿಯ ವೇಳೆಯಲ್ಲಿ ಅವುಗಳನ್ನು ಪ್ರಸಾರ ಮಾಡಿದವು. ಪ್ರೇತದಂತೆ ವೇಷ ಧರಿಸಿದ ನಿರೂಪಕರು ನಡುನಡುವೆ ಬಂದು ಹಾಸ್ಯ ಮಾಡುತ್ತಿದ್ದರು. ಹೊಸ ಉತ್ಪಾದನೆಯ ವೆಚ್ಚವಿಲ್ಲದೆ ಹೊಸದೊಂದು ತಲೆಮಾರಿನ ವೀಕ್ಷಕವರ್ಗ ಸಿದ್ಧವಾಯಿತು. ಇಂದು ವಾಹಿನಿಗಳು ಅಕ್ಟೋಬರ್‌ನಲ್ಲಿ ನಡೆಸುವ ಭಯಾನಕ ಚಿತ್ರಗಳ ಉತ್ಸವಗಳೂ, 2015ರಲ್ಲಿ ಈ ಒಂದೇ ಬಗೆಯ ಚಿತ್ರಗಳಿಗಾಗಿ ಆರಂಭವಾದ 'ಷಡರ್' ಎಂಬ ಅಂತರಜಾಲ ಸೇವೆಯೂ ಅದೇ ದಾರಿಯ ಮುಂದುವರಿಕೆ.

ಮೂರು ಲಕ್ಷದ ಹೂಡಿಕೆ

ಹೊಸ ಸರಕಿನ ತಯಾರಿಕೆಯಲ್ಲಿ ದಾರಿ ತೋರಿದ್ದು ಜಾನ್ ಕಾರ್ಪೆಂಟರ್ ನಿರ್ದೇಶನದ 'ಹ್ಯಾಲೋವೀನ್'. ಮಕ್ಕಳನ್ನು ನೋಡಿಕೊಳ್ಳುವ ತರುಣಿಯರ ಕೊಲೆಯ ಕಥೆಯಾಗಿ ಹೊಳೆದಿದ್ದ ಈ ಚಿತ್ರವನ್ನು ಹಬ್ಬದ ರಾತ್ರಿಯಲ್ಲೇ ನಡೆಯುವಂತೆ ಮಾಡಬೇಕೆಂಬ ಸಲಹೆ ಇರ್ವಿನ್ ಯಾಬ್ಲಾನ್ಸ್ ಅವರದು. ದಿನದ ಹೆಸರೇ ಚಿತ್ರದ ಹೆಸರಾಯಿತು. ಪ್ರತಿವರ್ಷವೂ ಕ್ಯಾಲೆಂಡರ್ ತಾನಾಗಿಯೇ ಅದರ ಜಾಹೀರಾತು ಮಾಡುವಂತಾಯಿತು.

ಮುಸ್ತಫಾ ಅಕ್ಕಾದ್ ಹೂಡಿದ ಬಂಡವಾಳ ಸುಮಾರು 3 ಲಕ್ಷ ಡಾಲರ್. ಚಿತ್ರೀಕರಣಕ್ಕೆ ಹಿಡಿದ ಅವಧಿ ಸುಮಾರು 20 ದಿನ. ಕಥೆ ನಡೆಯುವುದು ಇಲಿನಾಯ್ ರಾಜ್ಯದ ಶರತ್ಕಾಲದಲ್ಲಿ, ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಆದ್ದರಿಂದ ಎಲೆಗಳಿಗೆ ಬಣ್ಣ ಬಳಿದು ಉದುರಿಸಿ, ದೃಶ್ಯ ಮುಗಿದೊಡನೆ ಗುಡಿಸಿ ಚೀಲಕ್ಕೆ ತುಂಬಿ, ಮುಂದಿನ ದೃಶ್ಯಕ್ಕೆ ಮತ್ತೆ ಬಳಸಲಾಯಿತು. ಕೊಲೆಗಾರನ ಮುಖವಾಡ ಎರಡು ಡಾಲರಿಗೂ ಕಡಿಮೆ ಬೆಲೆಯ ಅಂಗಡಿ ಸರಕು. 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕಿರ್ಕ್ ಪಾತ್ರದ ಆ ಮುಖವಾಡಕ್ಕೆ ಬಿಳಿ ಬಣ್ಣ ಬಳಿದು, ಕಣ್ಣಿನ ರಂಧ್ರಗಳನ್ನು ದೊಡ್ಡದು ಮಾಡಿದ್ದರು, ಅಷ್ಟೇ. ಬರವಣಿಗೆ, ನಿರ್ದೇಶನ, ಸಂಗೀತ ಮೂರಕ್ಕೂ ಸೇರಿ ಕಾರ್ಪೆಂಟರ್ ಪಡೆದದ್ದು 10 ಸಾವಿರ ಡಾಲರ್ ಮತ್ತು ಲಾಭದಲ್ಲಿ ಶೇಕಡಾ 10ರ ಪಾಲು. 1978ರ ಅಕ್ಟೋಬರ್ 25ರಂದು ಕ್ಯಾನ್ಸಸ್ ಸಿಟಿಯಲ್ಲಿ ಬಿಡುಗಡೆಯಾದ ಚಿತ್ರ, ಬಾಯಿಂದ ಬಾಯಿಗೆ ಹರಡಿದ ಮಾತಿನಿಂದಲೇ ಊರಿಂದೂರಿಗೆ ಸಾಗಿ, ಅಮೆರಿಕವೊಂದರಲ್ಲೇ ಸುಮಾರು 4.7 ಕೋಟಿ ಡಾಲರ್ ಗಳಿಸಿತು.

ಗಲ್ಲಾಪೆಟ್ಟಿಗೆಗೆ ಬಿದ್ದುದೆಲ್ಲ ನಿರ್ಮಾಪಕನ ಕೈಸೇರುವುದಿಲ್ಲ. ಚಿತ್ರಮಂದಿರದ ಪಾಲು, ವಿತರಕರ ಪಾಲು, ಪ್ರಚಾರದ ವೆಚ್ಚ ಕಳೆಯಬೇಕು. ಆದರೂ ಮೂಲ ಹೂಡಿಕೆ ಅಲ್ಪವಾಗಿದ್ದಾಗ ಸೋಲು ಮುಳುಗಿಸುವುದಿಲ್ಲ, ಗೆಲುವು ಹಲವು ವರ್ಷ ನಡೆಸುತ್ತದೆ. ನಿರ್ಮಾಪಕ ಜೇಸನ್ ಬ್ಲಮ್ ಅವರ ಸಂಸ್ಥೆ ಮುಂದೆ ಇದನ್ನೇ ನಿಯಮವಾಗಿಸಿಕೊಂಡಿತು. ಮುಂಗಡ ಸಂಭಾವನೆ ಕಡಿಮೆ, ಲಾಭ ಬಂದರೆ ಪಾಲು. ಈ ಸಂಸ್ಥೆಯ ಪಾಲುದಾರಿಕೆಯಲ್ಲಿ 2018ರ ಅಕ್ಟೋಬರ್‌ನಲ್ಲಿ ತೆರೆಕಂಡ ಹೊಸ 'ಹ್ಯಾಲೋವೀನ್' ಚಿತ್ರದ ತಯಾರಿಕಾ ವೆಚ್ಚ ಸುಮಾರು 1 ಕೋಟಿ ಡಾಲರ್, ವಿಶ್ವದಾದ್ಯಂತ ಗಳಿಕೆ ಸುಮಾರು 25.5 ಕೋಟಿ ಡಾಲರ್.

ದಿನಾಂಕ ಹಿಡಿದವರು, ಹಿಡಿತ ಸಡಿಲಿದಾಗ

2004ರ ಅಕ್ಟೋಬರ್ 29ರಂದು ಲಯನ್ಸ್‌ಗೇಟ್ ಸಂಸ್ಥೆಯು ಬಿಡುಗಡೆ ಮಾಡಿದ 'ಸಾ' ಚಿತ್ರದ ವೆಚ್ಚ ಸುಮಾರು 12 ಲಕ್ಷ ಡಾಲರ್, ಗಳಿಕೆ 10 ಕೋಟಿ ಡಾಲರಿಗೂ ಹೆಚ್ಚು. ಅಲ್ಲಿಂದ 2010ರವರೆಗೆ ಒಂದು ವರ್ಷವೂ ತಪ್ಪದೆ ಪ್ರತಿ ಅಕ್ಟೋಬರ್‌ಗೂ ಒಂದು 'ಸಾ' ಬಂದಿತು. ಒಟ್ಟು ಏಳು ಚಿತ್ರಗಳು. ಹಬ್ಬ ಬಂದರೆ 'ಸಾ' ಬಂದಂತೆ ಎಂಬ ಭಾವನೆ ಮೂಡಿಸುವಲ್ಲಿ ಸಂಸ್ಥೆ ಗೆದ್ದಿತು. ಆದರೆ ಒಂದೇ ಸರಕು ಆರನೆಯ ಬಾರಿಗೆ ಬರುವಷ್ಟರಲ್ಲಿ ಗ್ರಾಹಕ ದಣಿದಿದ್ದ. 2006ರ ಮೂರನೆಯ ಚಿತ್ರ ಸುಮಾರು 16.4 ಕೋಟಿ ಡಾಲರ್ ಗಳಿಸಿದ್ದರೆ, 2009ರ ಆರನೆಯದು ಗಳಿಸಿದ್ದು ಸುಮಾರು 6.8 ಕೋಟಿ.

ಅದೇ ಅಕ್ಟೋಬರ್‌ನಲ್ಲಿ ಅದನ್ನು ಹಿಂದಿಕ್ಕಿದ 'ಪ್ಯಾರಾನಾರ್ಮಲ್ ಆಕ್ಟಿವಿಟಿ' ಚಿತ್ರವನ್ನು ಓರೆನ್ ಪೆಲಿ ತಮ್ಮ ಸ್ವಂತ ಮನೆಯಲ್ಲಿಯೇ ಸುಮಾರು 15 ಸಾವಿರ ಡಾಲರಿನಲ್ಲಿ ಚಿತ್ರೀಕರಿಸಿದ್ದರು. ಪ್ಯಾರಾಮೌಂಟ್ ಸಂಸ್ಥೆ ಅದನ್ನು ಮೊದಲು ಕೆಲವೇ ಕಾಲೇಜು ಪಟ್ಟಣಗಳಲ್ಲಿ ಮಧ್ಯರಾತ್ರಿಯ ಆಟಗಳಾಗಿ ತೋರಿಸಿತು. ತಮ್ಮ ಊರಿಗೂ ಚಿತ್ರ ಬೇಕೆಂದು 10 ಲಕ್ಷ ಬೇಡಿಕೆಗಳು ಅಂತರಜಾಲದ ಮೂಲಕ ಬಂದ ಮೇಲಷ್ಟೇ ದೇಶದಾದ್ಯಂತ ಬಿಡುಗಡೆ ಮಾಡಿತು. ವಿಶ್ವದಾದ್ಯಂತ ಗಳಿಕೆ 19 ಕೋಟಿ ಡಾಲರ್ ದಾಟಿತು. ಮುಂಗಡ ಬೇಡಿಕೆ ಖಚಿತಪಡಿಸಿಕೊಂಡು ಸರಕು ಕಳುಹಿಸಿದ ವಿತರಕನಿಗೆ ಮರಳಿ ಬರುವ ಮಾಲಿನ ಚಿಂತೆಯಿಲ್ಲ.

ಎಡವಿದ ಮೂರು ಪ್ರಸಂಗಗಳು

ಸೋಲುಗಳೂ ಅಷ್ಟೇ ಬೋಧಪ್ರದ. 1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗ್‌ನಲ್ಲಿ ತೆರೆಕಂಡ ಜಾರ್ಜ್ ರೊಮೆರೊ ಅವರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರಕ್ಕೆ ಮೊದಲು ಬೇರೊಂದು ಹೆಸರಿತ್ತು. ವಿತರಕರು ಹೆಸರು ಬದಲಿಸುವಾಗ ಹಳೆಯ ಶೀರ್ಷಿಕೆಯೊಡನೆ ಇದ್ದ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನಲ್ಲಿ ಆ ಸೂಚನೆ ಕಡ್ಡಾಯವಾಗಿತ್ತು. ಪರಿಣಾಮವಾಗಿ ಚಿತ್ರ ಸಾರ್ವಜನಿಕ ಸ್ವತ್ತಾಯಿತು. ಯಾರು ಬೇಕಾದರೂ ಪ್ರತಿ ತೆಗೆದು ಮಾರಬಹುದಾಯಿತು. ಅಕ್ಟೋಬರ್ ತಿಂಗಳ ಪಟ್ಟಿಗಳಲ್ಲಿ ಇಂದಿಗೂ ಇರುವ ಆ ಚಿತ್ರದಿಂದ ತಯಾರಿಸಿದವರಿಗೆ ನ್ಯಾಯವಾಗಿ ಸಲ್ಲಬೇಕಾದ ಆದಾಯದ ಬಹುಭಾಗ ಹೀಗೆ ಒಂದು ಸಾಲಿನ ಅಲಕ್ಷ್ಯದಿಂದ ಕೈತಪ್ಪಿತು.

ಎರಡನೆಯದು 1982ರ 'ಹ್ಯಾಲೋವೀನ್' ಮೂರನೆಯ ಭಾಗ. ಮುಖವಾಡದ ಕೊಲೆಗಾರ ಮೈಕೆಲ್ ಮಯರ್ಸ್‌ನನ್ನು ಕೈಬಿಟ್ಟು ಸಂಪೂರ್ಣ ಬೇರೆಯ ಕಥೆಯನ್ನು ಅದೇ ಹೆಸರಿನಲ್ಲಿ ತಂದರು. ಪರಿಚಿತ ಮುದ್ರೆಯ ಪೊಟ್ಟಣದೊಳಗೆ ಅಪರಿಚಿತ ಸರಕು ಕಂಡ ಗ್ರಾಹಕರು ಮುನಿಸಿಕೊಂಡರು. 1988ರ ನಾಲ್ಕನೆಯ ಭಾಗದಲ್ಲಿ ಆತನನ್ನು ಮರಳಿ ಕರೆತಂದದ್ದು ಮಾತ್ರವಲ್ಲ, ಮರಳಿದ ಸಂಗತಿಯನ್ನು ಶೀರ್ಷಿಕೆಯಲ್ಲೇ ಸಾರಬೇಕಾಯಿತು.

ಮೂರನೆಯದು ಡಿಸ್ನಿ ಸಂಸ್ಥೆಯ 'ಹೋಕಸ್ ಪೋಕಸ್'. ಹ್ಯಾಲೋವೀನ್ ರಾತ್ರಿ ಮರಳಿ ಬರುವ ಮಾಟಗಾತಿಯರ ಈ ಹಾಸ್ಯಚಿತ್ರವನ್ನು 1993ರ ಜುಲೈನಲ್ಲಿ ಬಿಡುಗಡೆ ಮಾಡಲಾಯಿತು. ಬೇಸಿಗೆಯಲ್ಲಿ ಅದು ನಿರೀಕ್ಷಿತ ಲಾಭ ತರಲಿಲ್ಲ. ಮುಂದೆ ಪ್ರತಿ ಅಕ್ಟೋಬರ್‌ನಲ್ಲಿ ದೂರದರ್ಶನದಲ್ಲಿ ಮರುಪ್ರಸಾರವಾಗುತ್ತ ಮನೆಮಾತಾಯಿತು. 2022ರಲ್ಲಿ ಎರಡನೆಯ ಭಾಗವೂ ಬಂದಿತು. ಸರಕು ಚೆನ್ನಾಗಿಯೇ ಇತ್ತು, ಅಂಗಡಿ ತೆರೆದ ತಿಂಗಳು ಸರಿಯಿರಲಿಲ್ಲ.

ಬಾಡಿಗೆ ಮಳಿಗೆಯ ವ್ಯಾಪಾರ

ಈ ಋತುವಿನ ಪ್ರಯೋಜನ ಚಿತ್ರ ತಯಾರಕರಿಗಷ್ಟೇ ಸೀಮಿತವಲ್ಲ. ತೆರೆಯ ಮೇಲಿನ ಮುಖವಾಡ ಅಂಗಡಿಗೂ ಬರುತ್ತದೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಜೋ ಮಾರ್ವರ್ ಎಂಬ ವ್ಯಾಪಾರಿ ತಮ್ಮ ಮಹಿಳೆಯರ ಉಡುಪಿನ ಅಂಗಡಿಯಲ್ಲಿ ಅಕ್ಟೋಬರ್ ಮಟ್ಟಿಗೆ ಹ್ಯಾಲೋವೀನ್ ವೇಷಭೂಷಣಗಳನ್ನಿಟ್ಟರು. ಅದರಿಂದ ಬೆಳೆದ 'ಸ್ಪಿರಿಟ್ ಹ್ಯಾಲೋವೀನ್' ಇಂದು ಪ್ರತಿವರ್ಷ 1,500ಕ್ಕೂ ಹೆಚ್ಚು ತಾತ್ಕಾಲಿಕ ಮಳಿಗೆಗಳನ್ನು ತೆರೆಯುತ್ತದೆ. ಖಾಲಿ ಬಿದ್ದ ಕಟ್ಟಡಗಳನ್ನು ಕೆಲವು ತಿಂಗಳಿಗೆ ಬಾಡಿಗೆ ಹಿಡಿದು, ಹಬ್ಬ ಮುಗಿದೊಡನೆ ತೆರವು ಮಾಡುತ್ತದೆ.

ನಮ್ಮ ಬಾಗಿಲಿನ ದೆವ್ವ

ಇವೆಲ್ಲ ದೂರದ ಸಂಗತಿಯೆನ್ನುವವರು ಒಂದನ್ನು ನೆನಪಿಸಿಕೊಳ್ಳಬಹುದು. 1990ರ ದಶಕದಲ್ಲಿ ಬೆಂಗಳೂರು ಹಾಗೂ ಸುತ್ತಲಿನ ಊರುಗಳಲ್ಲಿ, ರಾತ್ರಿ ಬಂದು ಕದ ತಟ್ಟುವ ದೆವ್ವವನ್ನು ಹಿಂದಿರುಗಿಸಲೆಂದು ಮನೆಯ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ಆ ನಂಬಿಕೆಯನ್ನೇ ಮೂಲವಾಗಿಸಿಕೊಂಡು, ಕಥೆಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು, 2018ರಲ್ಲಿ ಹಿಂದಿಯ 'ಸ್ತ್ರೀ' ಚಿತ್ರ ಬಂದು ಅಪಾರ ಯಶಸ್ಸು ಕಂಡಿತು. 2024ರ ಎರಡನೆಯ ಭಾಗ ಆ ವರ್ಷದ ಅತಿ ಹೆಚ್ಚು ಗಳಿಕೆಯ ಹಿಂದಿ ಚಿತ್ರಗಳಲ್ಲೊಂದಾಯಿತು. ಕಚ್ಚಾ ಸರಕು ನಮ್ಮದು, ಸಂಸ್ಕರಿಸಿ ಮಾರಿದವರು ಬೇರೆಯವರು.

ಸದಸ್ಯರು ಗಮನಿಸಬೇಕಾದ ಅಂಶಗಳು ಇಷ್ಟು. ಋತುವಿನ ಸರಕಿಗೆ ಹೂಡುವ ಬಂಡವಾಳವು ಒಂದು ವರ್ಷ ಪೂರ್ತಿ ಮುಳುಗಿದರೂ ಸಂಸ್ಥೆಯನ್ನು ಅಲುಗಿಸದಷ್ಟಿರಲಿ. ಹಬ್ಬಕ್ಕೆ ಮುನ್ನ ಸರಕು ಅಂಗಡಿ ಸೇರುವ ದಿನಾಂಕ ವರ್ಷದಿಂದ ವರ್ಷಕ್ಕೆ ತಪ್ಪದಿರಲಿ. ಗೋದಾಮಿನ ಹಳೆಯ ಮಾದರಿಗಳನ್ನು ಎಸೆಯುವ ಮುನ್ನ, ಒಟ್ಟಾಗಿ ಕಟ್ಟಿ ಮಾರಲು ಸಾಧ್ಯವೇ ಎಂದು ಪರಿಶೀಲಿಸಲಿ. ಗ್ರಾಹಕ ನಂಬಿದ ಹೆಸರಿನಡಿ ಬೇರೆ ಸರಕು ಸೇರಿಸದಿರಲಿ. ಹೆಸರು, ಮುದ್ರೆ, ವಿನ್ಯಾಸಗಳ ನೋಂದಣಿ ಋತುವಿಗೆ ಬಹಳ ಮುನ್ನವೇ ಮುಗಿದಿರಲಿ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಹಿರಿಯರ ಮಾತು. ಮೊರವೂ ಕಾಳೂ ಅದಕ್ಕೆ ಮೊದಲೇ ಕಣದಲ್ಲಿ ಸಿದ್ಧವಾಗಿರಬೇಕು. ನವೆಂಬರ್ 1ರ ಬೆಳಿಗ್ಗೆ ಅಮೆರಿಕದ ಅಂಗಡಿಗಳಲ್ಲಿ ಹಿಂದಿನ ರಾತ್ರಿಯವರೆಗೆ ಪೂರ್ಣ ಬೆಲೆಗೆ ಮಾರಾಟವಾದ ಮುಖವಾಡಗಳ ಮೇಲೆ ಅರ್ಧ ಬೆಲೆಯ ಚೀಟಿ ಅಂಟಿರುತ್ತದೆ.